ಮೀಟರ್ ಓದುವವನ ಪ್ರಬಂಧ

ಡಂಡಿಯಲ್ಲಿ ಜನವರಿ ಅಂದರೆ ನಾಲ್ಕು ಗಂಟೆಗೇ ಕತ್ತಲೆ.
ಲೈಬ್ರರಿಯ ಮೇಲಂತಸ್ತು, ಏಳು ಜನ, ಒಂದು ಹೀಟರ್,
ಅದೂ ಕೆಮ್ಮುತ್ತದೆ.
ಹದಿನಾರರಲ್ಲಿ ಕೈತಪ್ಪಿದ ಪರೀಕ್ಷೆಯನ್ನು
ಮೊಮ್ಮಕ್ಕಳಾದ ಮೇಲೆ ಹಿಡಿಯಲು ಬಂದವರು.
ನಾನು ಹಂಚಿದ್ದು ಹನ್ನೆರಡು ಸಾಲಿನ ಪದ್ಯ:
ಹಿಮ, ತಣ್ಣಗಿನ ಒಲೆ, ತೊಳೆದಿಟ್ಟ ಎರಡು ಕಪ್ಪು,
ಕಿಟಕಿಯ ಬಳಿ ಒಬ್ಬಳು ಮುದುಕಿ.
ಒಂಬತ್ತನೆಯ ಸಾಲಿನಲ್ಲಿ ಕೆಟಲ್ ಸಿಳ್ಳೆ ಹಾಕುತ್ತದೆ.

ಮರ್ಡೋ ಗೆಡೀಸ್ ತಂದ ಮೊದಲ ಪ್ರಬಂಧ ಹೀಗಿತ್ತು:
"ಈ ಪದ್ಯ ತುಂಬಾ ಸುಂದರವಾಗಿದೆ.
ಕವಿ ಉಪಮೆಗಳನ್ನು ಚೆನ್ನಾಗಿ ಬಳಸಿದ್ದಾರೆ."
ಪದ್ಯದಲ್ಲಿ ಉಪಮೆಯೇ ಇಲ್ಲ, ಮರ್ಡೋ.
ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು.
"ಗೈಡಿನಲ್ಲಿ ಹಾಗಿತ್ತು," ಅಂದ, ಕಿವಿ ಕೆಂಪಗೆ.

ಆಗ ಎಲ್ಲರಿಗೂ ಹೇಳಿದೆ:
'ಸುಂದರ'ವನ್ನು ಒದ್ದೆ ಕೋಟಿನ ಜೊತೆ ಹೊರಗೇ ನೇತುಹಾಕಿ ಬನ್ನಿ.
ಕತೆಯನ್ನು ನನಗೆ ಮತ್ತೆ ಹೇಳಬೇಡಿ, ನಾನೂ ಓದಿದ್ದೇನೆ.
ಯಾರಾದರೂ "ಇಲ್ಲ, ಹಾಗಲ್ಲ" ಅನ್ನಬಹುದಾದ
ಒಂದು ಮಾತಿನಿಂದ ಶುರುಮಾಡಿ.
ಸಾಲೊಂದನ್ನು ಕರೆದು ತಂದಮೇಲೆ ಅದರ ಪಕ್ಕ ಕೂರಿ;
ನೆಂಟರನ್ನು ಕರೆದು ಹೊಸ್ತಿಲಲ್ಲೇ ನಿಲ್ಲಿಸಿ
ಒಳಗೆ ಹೋಗಿ ಮಲಗುವವರಿದ್ದಾರೆಯೇ?

ಇಷ್ಟು ಹೇಳಿ, ಹತ್ತೊಂಬತ್ತು ವರ್ಷದ ಹಳೆಯ ನನ್ನ ನೋಟ್ಸ್ ತೆಗೆದು
ಓದಿದೆ: ಕೆಟಲಿನ ಸಿಳ್ಳೆ, ಸತ್ತ ಗಂಡನ ನೆನಪು.
ಆರು ಪೆನ್ನುಗಳು ಓಡಿದವು.
ಮರ್ಡೋ ಬರೆದುಕೊಳ್ಳಲಿಲ್ಲ.

ಮೂವತ್ತಮೂರು ವರ್ಷ ಅವನು ಗ್ಯಾಸ್ ಮೀಟರ್ ಓದಿದವನು.
ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಂಡಿಯೂರಿ,
ಬಾಯಲ್ಲಿ ಟಾರ್ಚ್, ಕೈಯಲ್ಲಿ ಚೀಟಿ.
"ಮನೆಯವರು ಏನೇನೋ ಹೇಳುತ್ತಾರೆ, ಟೀಚರ್,
ಊರಲ್ಲೇ ಇರಲಿಲ್ಲ, ಒಲೆಯೇ ಹಚ್ಚಿಲ್ಲ ಅಂತ.
ನಾನು ಹೂಂ ಅನ್ನುತ್ತೇನೆ.
ಆಮೇಲೆ ಅಂಕಿ ನೋಡುತ್ತೇನೆ."

ಮುಂದಿನ ಗುರುವಾರ ನಾಲ್ಕು ಪುಟ ಬಂತು, ಪೆನ್ಸಿಲಿನಲ್ಲಿ.
ಮೊದಲ ವಾಕ್ಯ: "ಈ ಮನೆಯಲ್ಲಿ ಇನ್ನೊಬ್ಬರಿದ್ದಾರೆ."

"ಮೂರನೆಯ ಸಾಲಿನಲ್ಲಿ ಒಲೆ ತಣ್ಣಗಿದೆ.
ಒಂಬತ್ತರಲ್ಲಿ ನೀರು ಕುದಿಯುತ್ತಿದೆ.
ಐದು, ಆರು, ಏಳು, ಎಂಟು,
ಅಷ್ಟೂ ಸಾಲು ಅವಳ ಹಣೆ ಕಿಟಕಿಯ ಗಾಜಿಗೆ ಒರಗಿಯೇ ಇದೆ.
ಹಾಗಾದರೆ ಒಲೆ ಹಚ್ಚಿದ್ದು ಯಾರು?
ನಮ್ಮ ಟೀಚರ್ ಇದನ್ನು ನೆನಪು ಅನ್ನುತ್ತಾರೆ.
ನೆನಪಿಗೆ ನೀರು ಕಾಯಿಸಲು ಬರುವುದಿಲ್ಲ.

ಗಂಡ ಸತ್ತಿದ್ದಾನೆಂದು ಪದ್ಯ ಎಲ್ಲೂ ಹೇಳಿಲ್ಲ.
ಅವನು ಬೆನ್ನ ಹಿಂದೆ ಚಹಾ ಮಾಡುತ್ತಿದ್ದಾನೆ.
ಅವಳು ತಿರುಗುವುದಿಲ್ಲ.
ದುಃಖ ಇರುವುದು ಅಲ್ಲಿ."

ಉಪಸಂಹಾರ ಇಲ್ಲ. ಕೊನೆಯಲ್ಲಿ
ತಾರೀಖು, ಎರಡಕ್ಷರದ ಸಹಿ,
ಮೀಟರ್ ಚೀಟಿಯ ಮೇಲೆ ಹಾಕುವ ಹಾಗೆ.

ಬಸ್ಸಿನಲ್ಲಿ ಮೂರು ಸಲ ಓದಿದೆ. ನನ್ನ ಸ್ಟಾಪ್ ದಾಟಿಹೋಯಿತು.
ಟೇ ನದಿಯ ಮೇಲೆ ರೈಲು ಸೇತುವೆಯ ದೀಪಗಳು,
ನಾನು ಅವನ್ನು ನೋಡದೆ
ಪದ್ಯದಲ್ಲಿ ಒಂದು ಹೆಣಕ್ಕಾಗಿ ಹುಡುಕುತ್ತಿದ್ದೆ.
ಹೆಣ ಸಿಗಲಿಲ್ಲ.
ಹತ್ತೊಂಬತ್ತು ವರ್ಷ, ಎಷ್ಟು ತರಗತಿಗಳು,
ಎಷ್ಟು ಜನರ ಕೈಯಲ್ಲಿ ಆ ಮನುಷ್ಯನನ್ನು ಹೂಳಿಸಿದೆನೋ.

ಕಾಗುಣಿತದ ತಪ್ಪು ಹದಿನಾಲ್ಕು. 'ಕೆಟಲ್' ಅನ್ನೇ ಮೂರು ಥರ ಬರೆದಿದ್ದ.
ಅವಕ್ಕೆಲ್ಲ ಗೆರೆ ಎಳೆದೆ, ಅದು ನನ್ನ ಕೆಲಸ.
ಬದಿಯಲ್ಲಿ ಕೇಳಿದೆ:
'ಹನ್ನೆರಡನೆಯ ಸಾಲಿನ ಖಾಲಿ ಕುರ್ಚಿಗೆ ಏನು ಹೇಳುತ್ತೀರಿ?'
ನಾನು ಪೂರ್ತಿ ಒಪ್ಪಿಲ್ಲ, ಇವತ್ತಿಗೂ;
ಅಂಕ ಮಾತ್ರ ಕೊಟ್ಟೆ, ತುಂಬ ಕೊಟ್ಟೆ.

ಹಾಳೆ ವಾಪಸು ಪಡೆದು, ಕನ್ನಡಕ ಹಣೆಗೇರಿಸಿ
ಪ್ರಶ್ನೆಯನ್ನು ಎರಡು ಸಲ ಓದಿದ. ಕೋಟಿನ ಒಂದು ತೋಳು ತೂರಿಸಿಕೊಂಡ.
"ಚಹಾ ಮಾಡುವವನು ಕೂತಿರುವುದಿಲ್ಲವಲ್ಲ, ಟೀಚರ್," ಅಂದ,
ಇನ್ನೊಂದು ತೋಳು ಹುಡುಕುತ್ತ.